ನಾಳೆಯ ಚಾರಣಕ್ಕೆ ಚೀಲ ತುಂಬಿದ್ದು

ಶನಿವಾರ, 18 ಅಕ್ಟೋಬರ್ 2025

ನಾಳೆ ಬೆಳಗಿನ ಜಾವ ಐದು ದಿನಗಳ ಚಾರಣಕ್ಕೆ ಹೊರಡಬೇಕಾಗಿರುವುದರಿಂದ, ಇಂದು ಮಧ್ಯಾಹ್ನದಿಂದಲೇ ಸಾಮಾನುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಒಂದೊಂದನ್ನೇ ತೂಗಿ ಹಾಳೆಯಲ್ಲಿ ಬರೆದುಕೊಳ್ಳುತ್ತ ಕುಳಿತಿದ್ದೆ. ತುಂಬಿದ ಬೆನ್ನುಚೀಲ ದೇಹತೂಕದ ಐದನೇ ಒಂದು ಭಾಗವನ್ನು ಮೀರಬಾರದು ಎಂಬುದು ಚಾರಣಿಗರಲ್ಲಿ ರೂಢಿಯಲ್ಲಿರುವ ಲೆಕ್ಕ. 60 ಕಿಲೋ ತೂಗುವ ನನ್ನ ಪಾಲಿಗೆ ಅದು 12 ಕಿಲೋ. ಮೊದಲ ಸಲ ತೂಗಿದಾಗ 13 ಕಿಲೋ 400 ಗ್ರಾಂ ಬಂತು.

ತೆಗೆದುಹಾಕಿದ್ದರಲ್ಲಿ ಮೊದಲನೆಯದು 600 ಗ್ರಾಂ ತೂಗುವ ಜೀನ್ಸ್. ಅದರ ಹಿಂದೆಯೇ ಎರಡು ಹತ್ತಿಯ ಅಂಗಿಗಳೂ ಕಪಾಟಿಗೆ ಮರಳಿದವು. ಬೆವರಿನಲ್ಲೋ ಮಳೆಯಲ್ಲೋ ಒಮ್ಮೆ ತೊಯ್ದರೆ ಹತ್ತಿ ನೀರನ್ನು ಹಿಡಿದಿಟ್ಟುಕೊಂಡು ಬೇಗ ಒಣಗುವುದಿಲ್ಲ. ನಡಿಗೆ ನಿಂತ ಕೂಡಲೇ ಅದೇ ಬಟ್ಟೆ ಮೈಯ ಬಿಸಿಯನ್ನು ಕದಿಯತೊಡಗುತ್ತದೆ. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ನಾವು ಆರಂಭಿಸುವ ಸ್ಥಳಕ್ಕಿಂತ 1,800 ಮೀಟರ್ ಮೇಲಿರುವ ಮೂರನೇ ರಾತ್ರಿಯ ಬಿಡಾರದಲ್ಲಿ ಸುಮಾರು 12 ಡಿಗ್ರಿ ಹೆಚ್ಚು ಚಳಿ ಇರುತ್ತದೆಂದು ಅಂದಾಜಿಸಿದ್ದೇನೆ. ಹಾಗಾಗಿ ಹಗಲಿನ ನಡಿಗೆಗೆ ಒಂದು ಜೊತೆ ಪಾಲಿಯೆಸ್ಟರ್ ಬಟ್ಟೆ, ರಾತ್ರಿಗೆ ಒಂದು ಜೊತೆ ಉಣ್ಣೆಯದು, ಮೇಲೆ ಬೆಚ್ಚನೆಯ ಜಾಕೆಟ್ ಮತ್ತು ಮಳೆಯಂಗಿ, ಇಷ್ಟೇ ಸಾಕು. ರಾತ್ರಿಯ ಜೊತೆಯನ್ನು ಏನೇ ಆದರೂ ಹಗಲಿನಲ್ಲಿ ತೊಡುವುದಿಲ್ಲ.

ಈ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಾಗಲು ಕಾರಣವಿದೆ. ಎರಡು ವರ್ಷಗಳ ಹಿಂದಿನ ಚಾರಣದಲ್ಲಿ ಚೀಲದ ಮೇಲೆ ಹೊದಿಸುವ ಮಳೆಕವಚವೊಂದನ್ನೇ ನಂಬಿ ಹೋಗಿದ್ದೆ. ಕವಚವೇನೋ ಹರಿದಿರಲಿಲ್ಲ, ಆದರೆ ಅದು ಬೆನ್ನಿಗೆ ತಾಗುವ ಬದಿಯನ್ನು ಮುಚ್ಚುವುದಿಲ್ಲವಾದ್ದರಿಂದ, ಕತ್ತಿನಿಂದ ಇಳಿದ ನೀರು ಅಲ್ಲಿಂದಲೇ ಒಳಕ್ಕೆ ಜಿನುಗಿತ್ತು. ಸಂಜೆ ಬಿಚ್ಚಿ ನೋಡಿದರೆ ಹಕ್ಕಿಯ ತುಪ್ಪುಳ ತುಂಬಿದ ಸ್ಲೀಪಿಂಗ್ ಬ್ಯಾಗ್ ಉಬ್ಬಿ ನಿಲ್ಲುವ ಬದಲು ಗಂಟುಗಂಟಾಗಿ ಒಂದು ಮೂಲೆಯಲ್ಲಿ ಮುದುಡಿಕೊಂಡಿತ್ತು. ತುಪ್ಪುಳದ ನಡುವೆ ನಿಲ್ಲುವ ಗಾಳಿಯೇ ಬಿಸಿಯನ್ನು ಕಾಯುವುದು. ಅದು ಒದ್ದೆಯಾಗಿ ಅಂಟಿಕೊಂಡರೆ ಆ ಗಾಳಿಗೆ ಜಾಗವೇ ಇರುವುದಿಲ್ಲ. ಆ ರಾತ್ರಿಯನ್ನು ಜೊತೆಗಾರರ ನಡುವೆ ಮೊಣಕಾಲು ತಬ್ಬಿಕೊಂಡು ಕುಳಿತೇ ಕಳೆದೆ.

ಆದ್ದರಿಂದ ಈ ಸಲ ಚೀಲದೊಳಗೆ ಮೊದಲು ಇಳಿದದ್ದು ದಪ್ಪನೆಯ ಪ್ಲಾಸ್ಟಿಕ್ ಒಳಚೀಲ. ಅದರ ತಳಕ್ಕೆ ಸ್ಲೀಪಿಂಗ್ ಬ್ಯಾಗ್, ಅದರ ಮೇಲೆ ರಾತ್ರಿಯ ಬಟ್ಟೆಗಳನ್ನಿಟ್ಟು, ಗಾಳಿಯನ್ನು ಹೊರಕ್ಕೊತ್ತಿ, ಬಾಯಿಯನ್ನು ತಿರುಚಿ ಮಡಿಸಿ ಕಟ್ಟಿದೆ. ಅದರ ಮೇಲೆ ಊಟದ ಚೀಲಗಳು ಬೆನ್ನುಮೂಳೆಗೆ ಒತ್ತಿದಂತೆ ಬಂದವು, ಏಕೆಂದರೆ ಭಾರವಾದದ್ದು ಬೆನ್ನಿನಿಂದ ದೂರವಿದ್ದಷ್ಟೂ ಭುಜಗಳನ್ನು ಹಿಂದಕ್ಕೆ ಜಗ್ಗುತ್ತದೆ, ಸೊಂಟದ ಪಟ್ಟಿ ಹೊರಬೇಕಾದ ಹೊರೆಯನ್ನು ಭುಜಗಳೇ ಹೊರಬೇಕಾಗುತ್ತದೆ. ಮಳೆಯಂಗಿ ಎಲ್ಲಕ್ಕಿಂತ ಮೇಲೆ, ಕೈಗೆ ಸಿಗುವಂತಿದೆ.

ಊಟಕ್ಕೆ ದಿನಕ್ಕೆ 650 ಗ್ರಾಂನಂತೆ ಒಟ್ಟು 3 ಕಿಲೋ 250 ಗ್ರಾಂ ಆಯಿತು. ಪಿಷ್ಟ ಮತ್ತು ಪ್ರೋಟೀನ್ ಗ್ರಾಂಗೆ ಸುಮಾರು 4 ಕಿಲೋ ಕ್ಯಾಲರಿ ಕೊಟ್ಟರೆ ಕೊಬ್ಬು 9 ಕೊಡುವುದರಿಂದ, ಬಾದಾಮಿ, ಗೋಡಂಬಿ, ಕಡಲೆಕಾಯಿ ಬೆಣ್ಣೆಗಳಿಗೆ ಹೆಚ್ಚು ಜಾಗ ಕೊಟ್ಟು, ಓಟ್ಸ್ ಮತ್ತು ಒಣಗಿಸಿದ ತರಕಾರಿಯನ್ನು ರಾತ್ರಿಯ ಅಡುಗೆಗೆ ಇಟ್ಟುಕೊಂಡಿದ್ದೇನೆ. ಪೊಟ್ಟಣ, ಡಬ್ಬಿಗಳನ್ನೆಲ್ಲ ತೆಗೆದು ದಿನಕ್ಕೊಂದು ಚೀಲದಂತೆ ಕಟ್ಟಿದಾಗ ಅವುಗಳಿಂದಲೇ 250 ಗ್ರಾಂ ಇಳಿಯಿತು. ಒಣ ತರಕಾರಿ ಬೇಯಲು ಎಷ್ಟು ಹೊತ್ತು ಬೇಕೆಂದು ಕಳೆದ ವಾರವೇ ಅದೇ ಒಲೆಯಲ್ಲಿ ಮಾಡಿ ನೋಡಿದ್ದೆ: ಅರ್ಧ ಗಂಟೆ ನೆನೆಸಿಟ್ಟರೆ ಇಂಧನ ಬಹಳ ಉಳಿಯುತ್ತದೆ.

ಹೆಡ್‌ಲ್ಯಾಂಪ್, ನಕ್ಷೆ, ಸೀಟಿ, ಔಷಧಿಗಳು ಎಂದಿನಂತೆ ಮೇಲಿನ ಜೇಬಿನಲ್ಲಿವೆ. ಹಿಮ್ಮಡಿ ಉರಿಯತೊಡಗಿದ ಕೂಡಲೇ, ಬೊಕ್ಕೆ ಏಳುವ ಮೊದಲೇ, ಅಂಟಿಸಲು ಟೇಪ್ ಅಲ್ಲೇ ಇದೆ. ನೀರಿನ ಫಿಲ್ಟರ್ ಹೊರಗಿನ ಜೇಬಿಗೆ ಹೋಯಿತು, ಆದರೆ ರಾತ್ರಿ ಅದನ್ನೂ ಪವರ್ ಬ್ಯಾಂಕನ್ನೂ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡೇ ಮಲಗಬೇಕು; ಒಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಫಿಲ್ಟರಿನ ಸೂಕ್ಷ್ಮ ಕೊಳವೆಗಳು ಒಡೆಯುತ್ತವೆ, ಮತ್ತು ಒಡೆದದ್ದು ಹೊರಗಿನಿಂದ ಕಾಣುವುದಿಲ್ಲ.

ಕೊನೆಗೆ 400 ಗ್ರಾಂನ ಪುಸ್ತಕವನ್ನು ಮನಸ್ಸಿಲ್ಲದೆಯೇ ತೆಗೆದಿಟ್ಟೆ. ಎರಡು ಲೀಟರ್ ನೀರೂ ಸೇರಿ ಈಗ 11 ಕಿಲೋ 850 ಗ್ರಾಂ. ಉಳಿದ 150 ಗ್ರಾಂಗೆ ಇನ್ನೊಂದು ಜೊತೆ ಉಣ್ಣೆಯ ಕಾಲುಚೀಲ ಹಿಡಿಸುತ್ತದೆ. ಕಟ್ಟಿದ ಒಳಚೀಲವನ್ನು ಮತ್ತೆ ಬಿಚ್ಚಿ ಅದನ್ನು ಸೇರಿಸಿಯೇ ಮಲಗುತ್ತೇನೆ.