ಮಳೆಗಾಲದ ಪ್ರಾಜೆಕ್ಟ್: ಹೋಮ್ ಸ್ಟುಡಿಯೋಗೆ ಒಂದು ಬೇಸ್ ಗಿಟಾರ್

ಮೇ ಕೊನೆ

ಮಳೆ ಶುರುವಾದರೆ ನನ್ನ ರೆಕಾರ್ಡಿಂಗ್ ಕೋಣೆ ಅರ್ಧ ಬಂದ್ ಆದ ಹಾಗೆ. ಹಂಚಿನ ಮನೆ, ಹಿಂದುಗಡೆ ಶೀಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ ಇಂಥ ಮನೆಯೊಳಗೆ ಮೈಕ್ ಇಟ್ಟು ಹಾಡಿಸುವುದು ಆಗದ ಮಾತು. ಹಾಡಿಗಿಂತ ಶೀಟಿನ ಸದ್ದೇ ಜಾಸ್ತಿ ಬರುತ್ತದೆ. ತಬಲಾ, ಕೊಳಲು ಯಾವುದೂ ಆಗುವುದಿಲ್ಲ.

ಕೆಳಗಿನ ದಪ್ಪ ಸ್ವರ ಕೊಡುವ ಬೇಸ್ ಗಿಟಾರ್‌ಗೆ ಆ ತಾಪತ್ರಯ ಇಲ್ಲ. ಮೈಕ್ ಬೇಡ, ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಬೇಡ. ಕೇಬಲನ್ನು ನೇರವಾಗಿ ಆಡಿಯೋ ಇಂಟರ್‌ಫೇಸ್‌ಗೆ, ಅಂದರೆ ಸದ್ದನ್ನು ಕಂಪ್ಯೂಟರ್‌ಗೆ ಒಯ್ಯುವ ಪೆಟ್ಟಿಗೆಗೆ, ಚುಚ್ಚಿದರಾಯಿತು. ಹೊರಗೆ ಎಷ್ಟು ಸುರಿದರೂ ಟ್ರ್ಯಾಕ್‌ನಲ್ಲಿ ಕೇಳುವುದಿಲ್ಲ. ಅದಕ್ಕೇ ಈ ಮಳೆಗಾಲದ ಕೆಲಸ ನಿಕ್ಕಿಯಾಗಿದೆ: ಒಂದು ಬೇಸ್ ತರುವುದು, ಇಲ್ಲಿಯವರೆಗೆ ಕೀಬೋರ್ಡ್‌ನಲ್ಲಿ ಒತ್ತಿ ಮುಗಿಸಿದ್ದ ಬೇಸ್ ಟ್ರ್ಯಾಕ್‌ಗಳನ್ನೆಲ್ಲ ತಂತಿಯ ಮೇಲೆ ಮತ್ತೆ ನುಡಿಸುವುದು. ಕೀಬೋರ್ಡ್ ಬೇಸ್ ಕೆಟ್ಟದ್ದೇನಲ್ಲ. ಆದರೆ ಭಾವಗೀತೆಯಲ್ಲಿ ಸ್ವರದಿಂದ ಸ್ವರಕ್ಕೆ ಜಾರಿಕೊಂಡು ಹೋಗಬೇಕಾದ ಕಡೆ ಅದು ಮೆಟ್ಟಿಲು ಹತ್ತಿದ ಹಾಗೆ ಕೇಳುತ್ತದೆ.

ಬಜೆಟ್ 25 ಸಾವಿರ. ಬ್ಯಾಗು, ಕೇಬಲ್ಲು, ಒಂದು ಸೆಟ್ ಹೆಚ್ಚುವರಿ ತಂತಿ ಎಲ್ಲ ಸೇರಿ. ನನ್ನ ಕೋಣೆಗೆ ಬರುವ ಕೆಲಸವೂ ಒಂದೇ ಥರದ್ದಲ್ಲ. ಭಾವಗೀತೆ, ಭಜನೆ, ಮದುವೆ ಮನೆಯವರು ಮಾಡಿಸುವ ಕೊಂಕಣಿ ಹಾಡು, ಕಾಲೇಜು ಹುಡುಗರ ಕಿರುಚಿತ್ರದ ಹಿನ್ನೆಲೆ ಸಂಗೀತ. ಇಷ್ಟಕ್ಕೂ ಒಂದೇ ಬೇಸ್ ಸಾಕಾಗಬೇಕು.

ಜೂನ್, ಮೊದಲ ವಾರ

ಓದುವುದು, ಕೇಳುವುದು ನಡೆದಿದೆ. ಅಗ್ಗದ ಬೇಸ್‌ಗಳೆಲ್ಲ ಕೊನೆಗೆ ಎರಡು ಮೂರು ಹಳೆಯ ವಿನ್ಯಾಸಗಳ ಮರಿಗಳೇ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದರು. 1957ರಲ್ಲಿ ಅದರ ಪಿಕಪ್ (ತಂತಿಯ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಎರಡು ತುಂಡಾಗಿ, ಒಂದು ಮೇಲೆ ಒಂದು ಕೆಳಗೆ ಸರಿದು ಕೂತಿತು. ಇವತ್ತು ಎಲ್ಲರೂ ಪಿ ಪಿಕಪ್ ಅನ್ನುವುದು ಅದಕ್ಕೇ. 1960ರಲ್ಲಿ ಜಾಝ್ ಬೇಸ್ ಬಂತು: ಎರಡು ಉದ್ದನೆಯ ಪಿಕಪ್, ತೆಳ್ಳಗಿನ ನೆಕ್ (ಕೈಯಲ್ಲಿ ಹಿಡಿಯುವ ಉದ್ದನೆಯ ಕತ್ತು). 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬ್ಯಾಟರಿ ಹಾಕಿದ ಪ್ರಿಆಂಪ್ (ಒಳಗೇ ಸದ್ದು ಏರಿಸುವ ಸರ್ಕ್ಯೂಟ್) ಇಟ್ಟುಕೊಂಡು ಬಂತು. ಅದರ ಸದ್ದು ಚುರುಕು, ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಬಡಿದು) ನುಡಿಸುವವರಿಗೆ ಬಲು ಇಷ್ಟ. ನನ್ನ ಭಜನೆಗೆ ಅಷ್ಟು ಚುರುಕು ಬೇಡ. ಅದನ್ನು ಅಲ್ಲಿಗೇ ಬಿಟ್ಟೆ.

ಪಿ (ಪ್ರಿಸಿಷನ್) ಮತ್ತು ಜೆ (ಜಾಝ್) ನಡುವೆ ನನಗೆ ಮುಖ್ಯವಾದ ಪ್ರಶ್ನೆ ಹಮ್ಮಿಂಗ್, ಅಂದರೆ ಕರೆಂಟಿನ ಗುಂಯ್ ಸದ್ದು. ಪಿ ಪಿಕಪ್‌ನ ಎರಡು ತುಂಡು ಒಂದಕ್ಕೊಂದು ಎದುರು ಸುತ್ತಿರುತ್ತವೆ. ಹಾಗಾಗಿ ಹೊರಗಿನಿಂದ ಬರುವ ಗುಂಯ್ ಸದ್ದು ತನ್ನಷ್ಟಕ್ಕೆ ರದ್ದಾಗುತ್ತದೆ. ಜಾಝ್ ಬೇಸ್‌ನಲ್ಲಿ ಎರಡೂ ಪಿಕಪ್ ಪೂರ್ತಿ ಏರಿಸಿದಾಗ ಮಾತ್ರ ಹಾಗೆ ಆಗುತ್ತದೆ. ಒಂದನ್ನು ಸ್ವಲ್ಪ ಇಳಿಸಿದರೆ ಗುಂಯ್ ಮತ್ತೆ ಹಾಜರ್. ನಮ್ಮಲ್ಲಿ ಕರೆಂಟು 50 ಹರ್ಟ್ಜ್. ಬೇಸ್‌ನ ದಪ್ಪ ತಂತಿಯ ಮೂರನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಗೆರೆ) ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಜ್. ಅಂದರೆ ಈ ಗುಂಯ್ ಸ್ವರದ ಪಕ್ಕದಲ್ಲೇ ಕೂತು ಅಪಸ್ವರ ಹಾಡುತ್ತದೆ. ಇಕ್ಯೂನಲ್ಲಿ (ಮೇಲಿನ, ಕೆಳಗಿನ ಸದ್ದನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಅದನ್ನು ಕತ್ತರಿಸಲು ಹೋದರೆ ಸ್ವರವೂ ಹೋಗುತ್ತದೆ. ಹಳೇ ವೈರಿಂಗ್, ಸಾಧಾರಣ ಅರ್ಥಿಂಗ್ ಇರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಜೂನ್ ನಡುವೆ

ಅಂಗಡಿಯಲ್ಲಿ ಆಂಪ್‌ಗೆ ಹಾಕಿ ಕೇಳಿದರೆ ಎಲ್ಲ ಬೇಸ್ ಚೆನ್ನಾಗಿಯೇ ಕೇಳುತ್ತವೆ. ನನಗೆ ಬೇಕಿದ್ದು ಹಾಡಿನೊಳಗೆ ಹೇಗೆ ಕೇಳುತ್ತದೆ ಅನ್ನುವುದು. ಹಾಗಾಗಿ ಲ್ಯಾಪ್‌ಟಾಪ್, ಇಂಟರ್‌ಫೇಸ್, ಹೆಡ್‌ಫೋನ್ ಚೀಲಕ್ಕೆ ಹಾಕಿಕೊಂಡು, ಬೇಸ್ ಇದ್ದವರ ಮನೆಗೇ ಹೋದೆ. ಸದಾಶಿವಗಡದ ಹತ್ತಿರ ಚರ್ಚ್ ಕ್ವಾಯರ್‌ನಲ್ಲಿ ನುಡಿಸುವ ಅಂಕಲ್ ಒಬ್ಬರ ಬಳಿ ಜಾಝ್ ಮಾದರಿಯದ್ದಿದೆ. ಕುಮಟಾದ ಹುಡುಗನ ಬಳಿ ಐಬನೆಜ್ ಜಿಎಸ್ಆರ್ 200. ಅಂಕೋಲಾದ ಗೆಳೆಯನ ಬಳಿ ಸ್ಕ್ವಯರ್ ಪಿಜೆ, ಅಂದರೆ ಒಂದು ಪಿ, ಒಂದು ಜೆ ಪಿಕಪ್ ಇರುವುದು. ಮೂರರಲ್ಲೂ ಒಂದೇ ಹಾಡಿನ ಒಂದೇ ಸಾಲು ನುಡಿಸಿ ರೆಕಾರ್ಡ್ ಮಾಡಿಕೊಂಡೆ. ಟೋನ್ ನಾಬ್ (ಮೇಲಿನ ಚುರುಕು ಸದ್ದು ತಗ್ಗಿಸುವ ಗುಂಡಿ) ಪೂರ್ತಿ ತೆರೆದು ಒಮ್ಮೆ, ಮುಚ್ಚಿ ಒಮ್ಮೆ. ಮನೆಗೆ ಬಂದು ಸದ್ದಿನ ಮಟ್ಟ ಸಮ ಮಾಡಿದೆ. ಫೈಲುಗಳ ಹೆಸರು ತೆಗೆದು, ನಮ್ಮಲ್ಲಿ ಹಾಡುವ ಗೆಳತಿಗೆ ಕಳಿಸಿದೆ.

ಅವಳ ಉತ್ತರ: "ಮಾರಾಯ, ಮೊಬೈಲಲ್ಲಿ ಹೆಚ್ಚಿನದ್ದರಲ್ಲಿ ಬೇಸೇ ಇಲ್ಲ. ಒಂದರಲ್ಲಿ ಮಾತ್ರ ಉಂಟು."

ಹೆಡ್‌ಫೋನ್‌ನಲ್ಲಿ ನನಗೆ ತುಂಬಾ ಇಷ್ಟವಾಗಿದ್ದ ಪಿ ಪಿಕಪ್‌ನ ದುಂಡನೆಯ ಸದ್ದು ಮೊಬೈಲ್‌ನಲ್ಲಿ ಮಾಯ. ಜಿಎಸ್ಆರ್‌ನ ಬೂಸ್ಟ್ ಏರಿಸಿ ತೆಗೆದಿದ್ದೂ ಹಾಗೇ. ಕಾರಣ ಸರಳ. ಖಾಲಿ ಇ ತಂತಿ 41 ಹರ್ಟ್ಜ್, ಎ 55, ಡಿ 73, ಜಿ 98. ಫೋನಿನ ಸ್ಪೀಕರ್‌ಗೆ ಅಷ್ಟು ಕೆಳಗೆ ಹೋಗುವ ತಾಕತ್ತೇ ಇಲ್ಲ. ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆ ಬರುವ ಉಪಸ್ವರಗಳು) ಕೇಳಿದರೆ ಕಿವಿ ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಅವು ಕೇಳದಿದ್ದರೆ ಬೇಸ್ ಇಲ್ಲ ಅಂತಲೇ ಲೆಕ್ಕ. ಅವಳಿಗೆ ಕೇಳಿದ್ದು ಸ್ಕ್ವಯರ್‌ನಲ್ಲಿ ಎರಡೂ ಪಿಕಪ್ ಸೇರಿಸಿ ತೆಗೆದ ಟೇಕ್. ಬ್ರಿಡ್ಜ್ (ತಂತಿಯ ಕೆಳತುದಿ ಕೂರುವ ಭಾಗ) ಹತ್ತಿರದ ಜೆ ಪಿಕಪ್ ತಂತಿಯ ಮೇಲುಭಾಗದ ಸದ್ದನ್ನು ಚೆನ್ನಾಗಿ ಎತ್ತಿಕೊಡುತ್ತದೆ. ನಮ್ಮ ಹಾಡು ಕೇಳುವವರಲ್ಲಿ ಬಹುಪಾಲು ವಾಟ್ಸಾಪ್‌ನಲ್ಲೇ ಕೇಳುವುದು, ಅಲ್ವಾ? ಅವರನ್ನು ಬಿಟ್ಟು ಯಾರಿಗೋಸ್ಕರ ಮಿಕ್ಸ್ ಮಾಡುವುದು?

ಹಾಗಾದರೆ ಬರೀ ಪಿ ಸಾಲದು. ಬರೀ ಜೆ ಹಮ್ ಮಾಡುತ್ತದೆ. ಪಿಜೆ ಬೇಕು. ಭಜನೆಗೆ ಪಿ ಒಂದೇ, ಟೋನ್ ಮುಚ್ಚಿ. ಮದುವೆ ಹಾಡಿಗೆ ಎರಡೂ. ಕಿರುಚಿತ್ರದವರು ಏನಾದರೂ ವಿಚಿತ್ರ ಕೇಳಿದರೆ ಜೆ ಒಂದೇ.

ಜೂನ್ ಕೊನೆ

ಆಕ್ಟಿವ್ (ಬ್ಯಾಟರಿ ಹಾಕಿದ್ದು) ಬೇಕೋ ಪ್ಯಾಸಿವ್ (ಬ್ಯಾಟರಿ ಇಲ್ಲದ್ದು) ಸಾಕೋ? ಯಮಹಾ ಟಿಆರ್‌ಬಿಎಕ್ಸ್ 304ರ ಮೇಲೆ ಮನಸ್ಸಿತ್ತು. ಆಕ್ಟಿವ್ ಸರ್ಕ್ಯೂಟ್, ಐದು ಬಗೆಯ ಸದ್ದು ಕೊಡುವ ಸ್ವಿಚ್. ಆದರೆ ಬಜೆಟ್ ದಾಟುತ್ತದೆ. ಅಲ್ಲದೆ ಅದು ಕೊಡುವ ಬೇಸ್, ಟ್ರೆಬಲ್ ಏರಿಳಿತವನ್ನು ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ನಾನು ಆಮೇಲೂ ಮಾಡಬಹುದು. ವೇದಿಕೆ ಮೇಲೆ ನುಡಿಸುವವರಿಗೆ ಆ ನಾಬ್‌ಗಳು ಕೈಗೆ ಸಿಗಬೇಕು, ಕೋಣೆಯಲ್ಲಿ ಕೂತವನಿಗೆ ಅಷ್ಟು ಅಗತ್ಯ ಇಲ್ಲ. 9 ವೋಲ್ಟ್ ಬ್ಯಾಟರಿಯ ರಗಳೆ ಬೇರೆ. ಕೇಬಲ್ ಚುಚ್ಚಿಟ್ಟು ಮರೆತರೆ ಸುಮ್ನೆ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಪ್ಯಾಸಿವ್ ತೆಗೆದುಕೊಳ್ಳುವವರು ಒಂದು ನೋಡಿಕೊಳ್ಳಬೇಕು. ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಇನ್‌ಪುಟ್ ಇರಲೇಬೇಕು, ಅಥವಾ ಹಾಗೆ ಬದಲಿಸುವ ಬಟನ್ ಇರಬೇಕು. ಮಾಮೂಲಿ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಪ್ಯಾಸಿವ್ ಪಿಕಪ್‌ನ ಮೇಲಿನ ಸದ್ದೆಲ್ಲ ಸತ್ತು ಮಂಕಾಗುತ್ತದೆ. ನನ್ನದರಲ್ಲಿ ಬಟನ್ ಇದೆ.

ಐದು ತಂತಿಯ ಆಸೆ ಬಿಡಿಸಿದ್ದು ಶ್ರುತಿಯ ಲೆಕ್ಕ. ನಮ್ಮಲ್ಲಿ ಹಾಡುವವರು ಶ್ರುತಿಯನ್ನು ಹಾರ್ಮೋನಿಯಂನ ಕಪ್ಪು ಮನೆಗಳ ಲೆಕ್ಕದಲ್ಲಿ ಕಪ್ಪು ಒಂದು, ಕಪ್ಪು ಎರಡು ಅನ್ನುತ್ತಾರೆ. ಕಪ್ಪು ಒಂದು ಅಂದರೆ ಸಿ ಶಾರ್ಪ್. ನಾಲ್ಕು ತಂತಿಯಲ್ಲಿ ಅತಿ ಕೆಳಗಿನ ಸ್ವರ ಇ. ಅದಕ್ಕಿಂತ ಕೆಳಗಿನ ಸಿ ಶಾರ್ಪ್ ಬೇಕೆಂದರೆ ಐದನೇ ತಂತಿಯೇ ಬೇಕು. ಆ ಸ್ವರ 35 ಹರ್ಟ್ಜ್‌ಗೂ ಕೆಳಗೆ. ಯಾರ ಮನೆಯ ಸ್ಪೀಕರ್‌ನಲ್ಲಿ ಅದು ಕೇಳುತ್ತದೆ? ಎ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ 69 ಹರ್ಟ್ಜ್‌ನ ಸಿ ಶಾರ್ಪ್ ಇದೆ, ಷಡ್ಜಕ್ಕೆ ಅದೇ ಚೆಂದ. ಕಪ್ಪು ಎರಡರ ಹಾಡು ಬಂದರೆ ನಾಲ್ಕೂ ತಂತಿ ಅರ್ಧ ಸ್ವರ ಇಳಿಸಿಕೊಂಡರೆ ಖಾಲಿ ತಂತಿಯಲ್ಲೇ ಡಿ ಶಾರ್ಪ್ ಸಿಗುತ್ತದೆ. ಐದನೇ ತಂತಿಯ ಮಾತು ಅಲ್ಲಿಗೆ ಮುಗಿಯಿತು. 30 ಇಂಚು ಸ್ಕೇಲಿನ (ಮಿಡಿಯುವ ತಂತಿಯ ಉದ್ದ) ಗಿಡ್ಡ ಬೇಸ್ ಕೈಗೆ ಹಗುರ, ಆದರೆ ಅದರ ತಂತಿ ಈ ಕಡೆ ಸುಲಭಕ್ಕೆ ಸಿಗುವುದಿಲ್ಲ. ಮಾಮೂಲಿ 34 ಇಂಚೇ ಸೈ.

ಜುಲೈ, ಎರಡನೇ ವಾರ

ಬಂತು! ಯಮಹಾ ಟಿಆರ್‌ಬಿಎಕ್ಸ್ 174. ಪಿಜೆ ಪಿಕಪ್, ಪೂರ್ತಿ ಪ್ಯಾಸಿವ್, ಎರಡು ವಾಲ್ಯೂಮ್, ಒಂದು ಟೋನ್, 24 ಫ್ರೆಟ್. ಕಾಳಿ ಸೇತುವೆ ದಾಟಿ ಮಡಗಾಂವ್‌ಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿಯೇ ತಂದೆ. ಆನ್‌ಲೈನ್‌ನಲ್ಲಿ ತುಸು ಕಡಿಮೆಗೆ ಸಿಗುತ್ತಿತ್ತೇನೋ. ಆದರೆ ಅಗ್ಗದ ಬೇಸ್‌ನಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಅಲ್ಲೇ ಗೋಡೆಗೆ ತೂಗಿದ್ದ ಬೇರೆ ಒಂದರ ನೆಕ್ ಸೊಟ್ಟಗಿತ್ತು, ನೆಕ್‌ನ ಅಂಚಿನಲ್ಲಿ ಫ್ರೆಟ್ ತುದಿ ಚುಚ್ಚುತ್ತಿತ್ತು. ಪಾರ್ಸೆಲ್‌ನಲ್ಲಿ ಅಂಥದ್ದು ಬಂದಿದ್ದರೆ ವಾಪಸ್ ಕಳಿಸುವಷ್ಟರಲ್ಲಿ ಮಳೆಗಾಲವೇ ಮುಗಿಯುತ್ತಿತ್ತು.

ಅಂಗಡಿಯಲ್ಲಿ ನೋಡಿದ್ದು ಇಷ್ಟು. ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಡೆಯಿಂದ ಒಂದು ಕಣ್ಣು ಮುಚ್ಚಿ ನೆಕ್ ತಿರುಚಿದೆಯಾ ಅಂತ. ಪ್ರತಿ ತಂತಿಯ ಪ್ರತಿ ಫ್ರೆಟ್ ಒತ್ತಿ, ಎಲ್ಲಾದರೂ ಸ್ವರ ಸಾಯುತ್ತದಾ ಅಂತ. 12ನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು ಒತ್ತಿದ ಸ್ವರ ಟ್ಯೂನರ್‌ನಲ್ಲಿ ಒಂದೇ ತೋರಿಸುತ್ತದಾ ಅಂತ. ಮೂರನೆಯದು ತುಸು ತಪ್ಪಿದ್ದರೂ ಚಿಂತೆ ಇಲ್ಲ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್‌ನ ಸ್ಯಾಡಲ್ (ತಂತಿ ಕೂರುವ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಅದು ಸ್ಕ್ರೂಡ್ರೈವರ್ ಕೆಲಸ. ಮೊದಲೆರಡು ಕೆಟ್ಟಿದ್ದರೆ ಮಾತ್ರ ತೆಗೆದುಕೊಳ್ಳಬಾರದು.

ಜುಲೈ ಕೊನೆ

ಮನೆಗೆ ತಂದ ಮೇಲೆ ಮಳೆ ತನ್ನ ಕೆಲಸ ಶುರು ಮಾಡಿತು. ಮೊದಲ ಕೆಲವು ಫ್ರೆಟ್‌ಗಳಲ್ಲಿ ತಂತಿ ಝೀ ಅನ್ನತೊಡಗಿತು. ಫ್ರೆಟ್‌ಬೋರ್ಡಿನ ಮರ ತೇವ ಹೀರಿ ಹಿಗ್ಗುತ್ತದೆ, ನೆಕ್ ಹಿಂದಕ್ಕೆ ಬಾಗುತ್ತದೆ. ಅಳೆಯುವುದು ಹೀಗೆ: ಮೊದಲ ಫ್ರೆಟ್ ಒಂದು ಕೈಯಲ್ಲಿ, ಕೊನೆಯ ಫ್ರೆಟ್ ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು ಏಳೆಂಟನೇ ಫ್ರೆಟ್ ಹತ್ತಿರ ನೋಡಬೇಕು. ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿ.ಮೀ. ಸಂದು ಬೇಕು. ನನ್ನದರಲ್ಲಿ ಸಂದೇ ಇರಲಿಲ್ಲ. ನೆಕ್ ಒಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಕಾಲು ಸುತ್ತು ಸಡಿಲಿಸಿ ಒಂದು ರಾತ್ರಿ ಬಿಟ್ಟೆ. ಝೀ ನಿಂತಿತು. ಇದನ್ನು ಯಾವತ್ತೂ ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೇ ತಿರುಗಿಸಬಾರದು. ಚಳಿಗಾಲದಲ್ಲಿ ಒಣ ಹವೆ ಬಂದಾಗ ಮತ್ತೆ ಬಿಗಿ ಮಾಡುವ ಕೆಲಸ ಇದ್ದೇ ಇದೆ.

ತಂತಿಗೆ ತುಕ್ಕು ಇನ್ನೊಂದು. ಸಮುದ್ರದ ಉಪ್ಪು ಗಾಳಿಗೆ ಇಲ್ಲಿ ಕಿಟಕಿಯ ಸರಳೇ ಉಳಿಯುವುದಿಲ್ಲ, ತಂತಿ ಯಾವ ಲೆಕ್ಕ? ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ತಂತಿಯ ಅಡಿಯನ್ನೂ ಒರೆಸುತ್ತೇನೆ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಚೀಟಿಗಳು. ಗೋಡೆಗೆ ತೂಗುಹಾಕುವ ಸ್ಟ್ಯಾಂಡ್ ತರಬೇಡಿ, ಹೊರಗಿನ ಗೋಡೆ ಆಗಸ್ಟ್‌ನಲ್ಲಿ ಬೆವರುತ್ತದೆ.

ಆಗಸ್ಟ್

ಕೆಲಸ ಭರದಿಂದ ನಡೆದಿದೆ. ಒಂದು ಮಜಾ ವಿಷಯ. ಅತಿ ಸ್ವಚ್ಛವಾದ ಟೇಕ್‌ಗಳು ಸಿಕ್ಕಿದ್ದು ಕರೆಂಟು ಹೋದಾಗ! ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಇಂಟರ್‌ಫೇಸ್‌ಗೆ ಯುಎಸ್‌ಬಿಯಿಂದಲೇ ಶಕ್ತಿ, ಫ್ಯಾನಿಲ್ಲ, ಬಲ್ಬಿಲ್ಲ. ಜೆ ಪಿಕಪ್ ಒಂದನ್ನೇ ಏರಿಸಿದರೂ ಗುಂಯ್ ಇಲ್ಲ. ಈಗ ಕರೆಂಟು ಇದ್ದರೂ ಟೇಕ್ ತೆಗೆಯುವಾಗ ಚಾರ್ಜರ್ ಕಿತ್ತು, ಫ್ಯಾನ್ ಆಫ್ ಮಾಡಿ ಕೂರುತ್ತೇನೆ. ಜೆ ಬಳಸುವಾಗ ಲ್ಯಾಪ್‌ಟಾಪ್‌ನಿಂದ ತುಸು ದೂರ ಕೂತು, ಗಿಟಾರನ್ನು ಅತ್ತಿತ್ತ ತಿರುಗಿಸಿ ಸದ್ದು ಕಡಿಮೆ ಇರುವ ದಿಕ್ಕು ಹುಡುಕುತ್ತೇನೆ. ಪಿ ಒಂದಕ್ಕೆ ಈ ಯಾವ ಕಸರತ್ತೂ ಬೇಡ.

ಕೆಳಗಿನ ಸ್ವರ ತೂಗಿ ನೋಡಲು ಸ್ಪೀಕರ್ ನಂಬುತ್ತಿಲ್ಲ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಲೆಕ್ಕ ಹಾಕಿದರೆ 47 ಹರ್ಟ್ಜ್ ಮತ್ತು 56 ಹರ್ಟ್ಜ್ ಆಸುಪಾಸಿನಲ್ಲಿ ಸದ್ದು ಗೋಡೆಗಳ ನಡುವೆ ಉಬ್ಬುತ್ತದೆ. ಖಾಲಿ ಎ ತಂತಿ ಸರಿಯಾಗಿ ಅಲ್ಲೇ ಬೀಳುತ್ತದೆ. ಸ್ಪೀಕರ್ ಕೇಳಿ ಅದನ್ನು ತಗ್ಗಿಸಿದರೆ ಹೊರಗೆಲ್ಲ ಎ ಸ್ವರವೇ ಕೇಳುವುದಿಲ್ಲ. ಬೇಸ್ ಮಟ್ಟಿಗೆ ಹೆಡ್‌ಫೋನ್, ಆಮೇಲೆ ಮೊಬೈಲ್.

ಮಿಕ್ಸ್‌ನಲ್ಲಿ ಹೆಚ್ಚೇನಿಲ್ಲ. 35 ಹರ್ಟ್ಜ್ ಕೆಳಗೆ ಕತ್ತರಿ, ಹದವಾದ ಕಂಪ್ರೆಷನ್ (ಜೋರು, ಮೆಲ್ಲನೆಯ ಸದ್ದುಗಳ ಅಂತರ ತಗ್ಗಿಸುವುದು). ಟ್ರ್ಯಾಕಿನ ಒಂದು ನಕಲು ಮಾಡಿ, ಅದಕ್ಕೆ ಆಂಪ್‌ನ ಸದ್ದನ್ನು ಅನುಕರಿಸುವ ನ್ಯೂರಲ್ ಆಂಪ್ ಮಾಡೆಲರ್ ಹಾಕಿ ಸ್ವಲ್ಪ ಒರಟು ಮಾಡಿ ಅಡಿಯಲ್ಲಿ ಸೇರಿಸುತ್ತೇನೆ. ಅದು ಪುಕ್ಕಟೆ ಪ್ಲಗಿನ್. ಆ ಒರಟು ಸದ್ದೇ ಮೊಬೈಲ್‌ನಲ್ಲಿ ಬೇಸ್ ಕೇಳಿಸುವುದು. ಭಾವಗೀತೆಯಲ್ಲಿ ಡಗ್ಗಾದ (ತಬಲಾ ಜೋಡಿಯ ದಪ್ಪ ಸದ್ದಿನದ್ದು) ಜೊತೆ ಜಗಳ ಬರುತ್ತದೆ, ಎರಡೂ ಕೆಳಗಿನ ಜಾಗಕ್ಕೇ ಕೂರುವವರು. ಡಗ್ಗಾ ಗುಮ್ ಅಂದು ಜಾರುವ ಕಡೆ ನಾನು ಸ್ವರ ಬಿಟ್ಟು, ಸದ್ದು ನಿಲ್ಲಲು ತಂತಿಯ ಮೇಲೆ ಕೈ ಇಡುತ್ತೇನೆ. ಇಕ್ಯೂಗಿಂತ ಅದೇ ಚೆನ್ನಾಗಿ ಕೆಲಸ ಮಾಡುತ್ತಿದೆ.

ಗೆಳತಿ ಹೊಸ ಮಿಕ್ಸ್ ಕೇಳಿ, "ಈಗ ಉಂಟು. ಆದರೆ ತಂತಿ ಕಿರ್ ಅನ್ನುತ್ತಲ್ಲ?" ಅಂದಳು. ಬೆರಳು ಜಾರುವಾಗ ರೌಂಡ್‌ವೌಂಡ್ (ಮೇಲೆ ದುಂಡನೆಯ ಎಳೆ ಸುತ್ತಿದ) ತಂತಿ ಮಾಡುವ ಸದ್ದು ಅದು. ನುಣುಪಾದ ಫ್ಲಾಟ್‌ವೌಂಡ್ (ಚಪ್ಪಟೆ ಎಳೆ ಸುತ್ತಿದ್ದು) ಹಾಕಿದರೆ ಹೋಗುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್‌ನಲ್ಲಿ ಫ್ಲಾಟ್‌ವೌಂಡನ್ನೇ ಬಳಸಿದ್ದರು, ತಂತಿ ಬದಲಿಸುವುದೇ ಅಪರೂಪ ಅನ್ನುತ್ತಾರೆ. ಆದರೆ ಮೇಲಿನ ಸದ್ದೂ ಕಡಿಮೆಯಾಗುತ್ತದೆ, ಮೊಬೈಲ್ ಕೇಳುಗರ ಕಥೆ ಮತ್ತೆ ಮೊದಲಿಂದ. ಬೆಲೆಯೂ ಮಾಮೂಲಿ ಸೆಟ್‌ಗಿಂತ ಜಾಸ್ತಿ. ಸದ್ಯಕ್ಕೆ ಬ್ರಿಡ್ಜ್ ಹತ್ತಿರ ತಂತಿಯಡಿ ಒಂದು ಸ್ಪಂಜಿನ ತುಂಡು ತುರುಕಿ, ಬೆರಳು ಎತ್ತಿ ಇಡುವ ಅಭ್ಯಾಸ ಮಾಡುತ್ತಿದ್ದೇನೆ. ಎರಡು ಭಜನೆಗೆ ಸ್ಪಂಜು ಸಾಕಾಗಿದೆ. ಜಾರುವ ಸ್ವರಗಳಿರುವ ಭಾವಗೀತೆಗೆ ಸಾಕಾಗಿಲ್ಲ. ಗಣೇಶ ಚೌತಿ ಕಳೆದ ಮೇಲೆ ಫ್ಲಾಟ್‌ವೌಂಡ್ ಒಂದು ಸೆಟ್ ತರಿಸಿ, ಅದೇ ಸಾಲನ್ನು ಮತ್ತೆ ನುಡಿಸಿ, ಹೆಸರು ತೆಗೆದು ಅವಳಿಗೆ ಕಳಿಸುವುದಿದೆ.