ಮುನ್ನೂರು ಕಿಲೋಮೀಟರಿನ ಲೆಕ್ಕ

ಇಂದು ಬೆಳಿಗ್ಗೆ ಸಿಂಗಾಪುರದ ಚಾಂಗಿಯಿಂದ ಕೌಲಾಲಂಪುರಕ್ಕೆ ಬಂದೆ. ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 297 ಕಿಲೋಮೀಟರ್ ಮಾತ್ರ. ಟಿಕೆಟ್ಟಿನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು ಸಮಯ ನಮೂದಾಗಿದ್ದರೂ ಆಕಾಶದಲ್ಲಿ ಕಳೆದದ್ದು ಮುಕ್ಕಾಲು ಗಂಟೆ. ಉಳಿದದ್ದೆಲ್ಲ ರನ್‌ವೇವರೆಗೆ ಸಾಗುವುದಕ್ಕೆ, ಸರದಿಗಾಗಿ ಕಾಯುವುದಕ್ಕೆ ಮತ್ತು ಇಳಿದ ಮೇಲೆ ಗೇಟಿಗೆ ತೆವಳುವುದಕ್ಕೆ. ಗಗನಸಖಿ ಕೊಟ್ಟ ನೀರಿನ ಲೋಟವನ್ನು ನಾನು ಅರ್ಧ ಕುಡಿಯುವಷ್ಟರಲ್ಲಿ ಅವರೇ ಅದನ್ನು ವಾಪಸು ಪಡೆಯಲು ಬಂದು ನಿಂತಿದ್ದರು, ಕಿಟಕಿಯ ಕೆಳಗೆ ಕೌಲಾಲಂಪುರದ ನಿಲ್ದಾಣವಿರುವ ಸೆಪಾಂಗಿನ ತಾಳೆ ಎಣ್ಣೆ ತೋಟಗಳು ಬಾಚಣಿಗೆಯಿಂದ ಬಾಚಿದಂತೆ ಸಾಲುಸಾಲಾಗಿ ಕಾಣಿಸತೊಡಗಿದ್ದವು.

ಗಡಿಯಾರವನ್ನು ಮುಟ್ಟುವ ಅಗತ್ಯವೂ ಬೀಳಲಿಲ್ಲ. ಮಲೇಷ್ಯಾ ತನ್ನ ಪರ್ಯಾಯದ್ವೀಪದ ಸಮಯವನ್ನು ಬೋರ್ನಿಯೋ ದ್ವೀಪದಲ್ಲಿರುವ ತನ್ನ ರಾಜ್ಯಗಳಾದ ಸಬಾ ಮತ್ತು ಸರವಾಕ್‌ಗಳ ಸಮಯಕ್ಕೆ ಹೊಂದಿಸಲು 1982ರ ಜನವರಿ 1ರಂದು ಅರ್ಧ ಗಂಟೆ ಮುಂದಕ್ಕೆ ಸರಿಸಿದಾಗ, ವ್ಯಾಪಾರ ಮತ್ತು ಓಡಾಟದ ಅನುಕೂಲಕ್ಕಾಗಿ ಸಿಂಗಾಪುರವೂ ಅದನ್ನೇ ಅನುಸರಿಸಿತು. (ಭೂಗೋಳದ ಲೆಕ್ಕದಲ್ಲಿ ಇಬ್ಬರದೂ ತಪ್ಪು ಸಮಯವೇ, ಇಲ್ಲಿ ಸೂರ್ಯ ಹುಟ್ಟುವುದು ಏಳರ ಸುಮಾರಿಗೆ.)

ಆದರೆ ಮನೆಯ ಬಾಗಿಲು ಹಾಕಿದ್ದು ಐದೂವರೆಗೆ, ನಿಲ್ದಾಣದಿಂದ ಐವತ್ತು ಕಿಲೋಮೀಟರಿಗೂ ದೂರವಿರುವ ನಗರವನ್ನು ಮುಟ್ಟಿದ್ದು ಹನ್ನೊಂದಕ್ಕೆ. ಅಷ್ಟು ಹೊತ್ತಿನಲ್ಲಿ ಬಸ್ಸು ಕೂಡ ಜೊಹೊರ್ ಗಡಿ ದಾಟಿ ಇಲ್ಲಿಗೆ ತಲುಪುತ್ತಿತ್ತೇನೋ ಎಂದು ರೈಲಿನಲ್ಲಿ ಕುಳಿತು ಲೆಕ್ಕ ಹಾಕುತ್ತಿದ್ದೆ. ವಾಪಸಾತಿಗೆ ಇನ್ನೂ ಟಿಕೆಟ್ ಕಾಯ್ದಿರಿಸಿಲ್ಲ.