ಮುಂಬಯಿಯಲ್ಲಿ ಪೆನ್ಸಿಲು ಮತ್ತು ಕ್ಯಾಮೆರಾ

ತೊಂಬತ್ತರ ದಶಕದ ಕೊನೆಯಲ್ಲಿ ಧಾರವಾಡದಲ್ಲಿ ಚಿತ್ರಕಲೆ ಕಲಿಯುತ್ತಿದ್ದ ನಮಗೆ ಮುಂಬಯಿ ಪರಕೀಯ ಊರೆಂದು ಅನ್ನಿಸುತ್ತಿರಲಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ನಮ್ಮ ಜಿಲ್ಲೆ ಆ ಪ್ರಾಂತಕ್ಕೇ ಸೇರಿತ್ತು. ನಮ್ಮ ಗುರುಗಳಿಗೆ ಕಲಿಸಿದ ಹಿರಿಯರು ಮುಂಬಯಿಯ ಜೆ.ಜೆ. ಕಲಾಶಾಲೆಯ ಮಾತನ್ನು ತವರಿನ ಮಾತಿನಂತೆ ಆಡುತ್ತಿದ್ದರಂತೆ. ಆದ್ದರಿಂದ ಕೊನೆಯ ವರ್ಷದ ಅಧ್ಯಯನ ಪ್ರವಾಸಕ್ಕೆ ಮುಂಬಯಿ ಎಂದು ಗೊತ್ತಾದಾಗ, ಬಹುಕಾಲದಿಂದ ಕೇಳುತ್ತ ಬಂದಿದ್ದ ಮನೆಯೊಂದನ್ನು ಕಣ್ಣಾರೆ ನೋಡುವ ಸಂತೋಷ ನಮಗಾಯಿತು.

ಚಾಲುಕ್ಯ ಎಕ್ಸ್‌ಪ್ರೆಸ್ ಹತ್ತುವ ಮೊದಲೇ ನಮ್ಮ ಛಾಯಾಗ್ರಹಣದ ಗುರುಗಳು ಒಂದು ನಿಯಮ ಹಾಕಿದ್ದರು. ಯಾವ ಜಾಗಕ್ಕೆ ಹೋದರೂ ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಿಂದ ಹೊರಗೆ ಬರಕೂಡದು. ಕುಳಿತು, ಸ್ಕೆಚ್ ಪುಸ್ತಕದಲ್ಲಿ ಕಂಡದ್ದನ್ನು ಬರೆಯಬೇಕು. "ಮೊದಲ ಕೈ ನೋಡ್ಲಿ, ಆಮ್ಯಾಲೆ ಕ್ಯಾಮೆರಾ ನೋಡ್ತದ" ಎನ್ನುವುದು ಅವರ ಮಾತು. ಕಾಲೇಜಿನ ಪೆಂಟ್ಯಾಕ್ಸ್ ಕೆ-1000 ಕ್ಯಾಮೆರಾಗಳನ್ನು ನಾವು ಸರದಿಯ ಮೇಲೆ ಬಳಸಬೇಕಿತ್ತು. ಒಂದು ಕಪ್ಪು-ಬಿಳುಪು ರೋಲಿನಲ್ಲಿ 36 ಚಿತ್ರಗಳಷ್ಟೇ ಬರುತ್ತಿದ್ದವು. ಆದರೂ ಗುರುಗಳ ನಿಯಮ ಹುಟ್ಟಿದ್ದು ಈ ಅಭಾವದಿಂದಲ್ಲ ಎಂಬುದು ಮುಂಬಯಿಯಲ್ಲಿ ತಿರುಗಾಡುತ್ತ ನನಗೆ ಮನವರಿಕೆಯಾಯಿತು.

ನಿಯಮದ ಬೆಲೆ ಮೊದಲು ತಿಳಿದದ್ದು, ಹೆಸರು ಬದಲಾಗಿದ್ದರೂ ಎಲ್ಲರೂ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಎಂದೇ ಕರೆಯುತ್ತಿದ್ದ ರೈಲು ನಿಲ್ದಾಣದ ಎದುರಿಗೆ. ಎಫ್. ಡಬ್ಲ್ಯು. ಸ್ಟೀವನ್ಸ್ ವಿನ್ಯಾಸಗೊಳಿಸಿದ, 1878ರಲ್ಲಿ ಆರಂಭವಾಗಿ ಹತ್ತು ವರ್ಷಗಳಲ್ಲಿ ಮುಗಿದ ಆ ಕಟ್ಟಡದ ಕಲ್ಲಿನ ಎಲೆ-ಬಳ್ಳಿ, ನವಿಲು, ಕೋತಿಗಳ ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈ ಇದೆ ಎಂದು ಕೇಳಿದಾಗ ನಮ್ಮ ವಯಸ್ಸಿನವರ ಕೆಲಸವನ್ನೇ ನೋಡುತ್ತಿದ್ದೇವೆಂದು ರೋಮಾಂಚನವಾಯಿತು. ಕಟ್ಟಡದ ಮುಖ ಪಶ್ಚಿಮಕ್ಕಿರುವುದರಿಂದ ಬೆಳಗಿನ ಹೊತ್ತು ಅದು ತನ್ನದೇ ನೆರಳಿನಲ್ಲಿರುತ್ತದೆ. ಪೆನ್ಸಿಲ್ಲಿನಲ್ಲಿ ನೆರಳು ತುಂಬಲು ಹೊರಟಾಗ, ತುಂಬಲು ನೆರಳೇ ಇಲ್ಲ, ಎಲ್ಲವೂ ಒಂದೇ ಬೂದು ಎಂಬುದು ಕೈಗೆ ಗೊತ್ತಾಯಿತು. ಮಧ್ಯಾಹ್ನ ಮೂರರ ನಂತರ ಮತ್ತೆ ಹೋದೆವು. ಚಳಿಗಾಲದ ಬಿಸಿಲು ನೈಋತ್ಯದಿಂದ ಓರೆಯಾಗಿ ಬಿದ್ದು, ಪ್ರತಿ ಎಲೆಯೂ ಗೋಡೆಯಿಂದ ಬಿಡಿಸಿಕೊಂಡು ನಿಂತಿತ್ತು.

ಜೆ.ಜೆ. ಕಲಾಶಾಲೆಯೊಳಗೆ ನಮಗೆ ಸಿಕ್ಕ ಸಮಯ ಕಡಿಮೆ. 1857ರಲ್ಲಿ ಆರಂಭವಾದ ಆ ಸಂಸ್ಥೆಯ ಹಳೆಯ ಮರಗಳ ಕೆಳಗೆ ನಿಂತು ಗುರುಗಳು ಹೇಳಿದ ಮಾತುಗಳೇ ಹೆಚ್ಚು ನೆನಪಿವೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಇಲ್ಲಿಯೇ ಕಲಿತು ಇಲ್ಲಿಯೇ ಕಲಿಸಿದವರು. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಕೂಡ ಇಲ್ಲಿಯ ವಿದ್ಯಾರ್ಥಿನಿ; ಆರಂಭದಲ್ಲಿ ಅವರ ಚಿತ್ರಗಳು ಪತಿಯ ಹೆಸರಿನಲ್ಲಿ ಅಚ್ಚಾಗುತ್ತಿದ್ದವು ಎಂದು ಕೇಳಿ ತರಗತಿಯ ಹುಡುಗಿಯರಾದ ನಾವು ಬಹಳ ಹೊತ್ತು ಅದನ್ನೇ ಮಾತಾಡಿಕೊಂಡೆವು. ಇನ್ನೊಂದು ಸಂಗತಿ ಗುರುಗಳ ನಿಯಮಕ್ಕೆ ನೇರವಾಗಿ ಸಂಬಂಧಿಸಿದ್ದು. ಈ ಶಾಲೆಯ ಜಾನ್ ಗ್ರಿಫಿತ್ಸ್ 1872ರಿಂದ ತನ್ನ ವಿದ್ಯಾರ್ಥಿಗಳನ್ನು ಅಜಂತಾಕ್ಕೆ ಕರೆದೊಯ್ದು ಅಲ್ಲಿನ ಭಿತ್ತಿಚಿತ್ರಗಳ ಪ್ರತಿಗಳನ್ನು ಮಾಡಿಸಿದರು. ಕತ್ತಲ ಗುಹೆಯ ಬಣ್ಣವನ್ನು ಹಿಡಿಯಬಲ್ಲ ಕ್ಯಾಮೆರಾ ಆಗ ಇರಲಿಲ್ಲ. ಇದ್ದದ್ದು ಕಣ್ಣು ಮತ್ತು ಕುಂಚ. ಲಂಡನ್ನಿಗೆ ಕಳಿಸಿದ ಆ ಪ್ರತಿಗಳಲ್ಲಿ ಹಲವು 1885ರ ಬೆಂಕಿಯಲ್ಲಿ ಸುಟ್ಟುಹೋದವು. ಆ ಹೆಸರಿಲ್ಲದ ವಿದ್ಯಾರ್ಥಿಗಳ ಶ್ರಮವನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಜಹಾಂಗೀರ್ ಆರ್ಟ್ ಗ್ಯಾಲರಿಯನ್ನೂ, ಅದರ ಸಮೀಪದ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿಯನ್ನೂ ನೋಡಿದೆವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಗ ಪ್ರಿನ್ಸ್ ಆಫ್ ವೇಲ್ಸ್ ಎಂದು ಎಲ್ಲರೂ ಹೇಳುತ್ತಿದ್ದ ವಸ್ತುಸಂಗ್ರಹಾಲಯದಲ್ಲಿದ್ದ, ನಮ್ಮ ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಬ್ರಹ್ಮ. ಅದು ಮೂಲತಃ ಛತ್ತಿನ ಶಿಲ್ಪ. ಗುಡಿಯೊಳಗೆ ನಿಂತವರು ಕತ್ತೆತ್ತಿ ನೋಡಬೇಕಾದದ್ದು, ನೆಲದಿಂದ ಪುಟಿದು ಮೇಲೇರಿದ ಬೆಳಕಿನಲ್ಲಿ ಕಾಣಲೆಂದು ಏಳನೆಯ ಶತಮಾನದ ಶಿಲ್ಪಿ ಕಡೆದದ್ದು. ಇಲ್ಲಿ ಅದನ್ನು ಕಣ್ಣೆದುರಿಗೇ ನೋಡಬಹುದಿತ್ತು. ಹಿಂದಿನ ವರ್ಷವೇ ಐಹೊಳೆಯಲ್ಲಿ ಸ್ಕೆಚ್ ಮಾಡಿ ಬಂದಿದ್ದ ನನಗೆ, ಆ ಗುಡಿಯಿಂದ ಬಂದ ಕಲ್ಲನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಸಿಕ್ಕಿದ್ದಕ್ಕೆ ಸಂತೋಷವೂ, ಅದು ತನ್ನ ಮನೆಯಲ್ಲಿ ಇಲ್ಲದ್ದಕ್ಕೆ ದುಃಖವೂ ಒಟ್ಟಿಗೆ ಆದವು. ಬೆಳಕಿನ ದಿಕ್ಕು ಬದಲಾದರೆ ಶಿಲ್ಪದ ಮುಖಭಾವವೇ ಬದಲಾಗುತ್ತದೆ ಎಂಬುದನ್ನು ಅಲ್ಲಿ ಬರೆಯುತ್ತ ಕುಳಿತಾಗ ಕಲಿತಷ್ಟು ಸ್ಪಷ್ಟವಾಗಿ ನಾನು ಮತ್ತೆಲ್ಲಿಯೂ ಕಲಿತಿಲ್ಲ.

ಸೋಮವಾರ ಎಲಿಫೆಂಟಾ ಗುಹೆಗಳು ಮುಚ್ಚಿರುವುದರಿಂದ ಮಂಗಳವಾರ ಗೇಟ್‌ವೇ ಆಫ್ ಇಂಡಿಯಾದಿಂದ ದೋಣಿ ಹಿಡಿದೆವು. ಸುಮಾರು ಒಂದು ಗಂಟೆಯ ಪಯಣ. ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ಹಡಗುಗಳೊಂದಿಗೆ ಪುರಿಯನ್ನು ಮುತ್ತಿದನೆಂದು ಹೇಳುತ್ತಾನೆ. ಆ ಪುರಿ ಎಲಿಫೆಂಟಾ ಗುಹೆಗಳಿರುವ ಈ ಘಾರಾಪುರಿ ದ್ವೀಪವೇ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ದೋಣಿಯಲ್ಲಿ ಇದನ್ನು ಕೇಳಿದ ಮೇಲೆ ಸಮುದ್ರವೂ ನಮಗೆ ಬೇರೆಯಾಗಿ ಕಂಡಿತು.

ಮುಖ್ಯ ಗುಹೆಗೆ ಉತ್ತರ, ಪೂರ್ವ, ಪಶ್ಚಿಮ ಮೂರೂ ಕಡೆಯಿಂದ ಬೆಳಕು ಬರುತ್ತದೆ. ದಕ್ಷಿಣದ ಗೋಡೆಯ ಆಳದಲ್ಲಿ, ಉತ್ತರಕ್ಕೆ ಮುಖ ಮಾಡಿ, ಸುಮಾರು ಆರು ಮೀಟರ್ ಎತ್ತರದ ಸದಾಶಿವನಿದ್ದಾನೆ. ನಮ್ಮ ಎಡಕ್ಕೆ ಮೀಸೆಯ ಉಗ್ರ ಮುಖ, ಬಲಕ್ಕೆ ಕಮಲ ಹಿಡಿದ ಸೌಮ್ಯ ಮುಖ, ನಡುವೆ ಕಣ್ಣು ಮುಚ್ಚಿದ ಶಾಂತ ಮುಖ. ಅಲ್ಲಿಗೆ ತಲುಪುವುದು ಕಂಬಗಳ ನಡುವೆ ಸೋಸಿ ಬಂದ ಬೆಳಕು ಮಾತ್ರ. ಮೊದಲು ಕತ್ತಲೆಂದು ಕಂಡದ್ದು, ಬರೆಯುತ್ತ ಕುಳಿತಂತೆ, ಕಣ್ಣು ಹೊಂದಿಕೊಂಡು, ಹತ್ತಾರು ಬಗೆಯ ಬೂದು ಬಣ್ಣಗಳಾಗಿ ಬಿಚ್ಚಿಕೊಂಡಿತು. ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕಾಗಿದ್ದರಿಂದ, ಬೆನ್ನನ್ನು ಕಂಬಕ್ಕೆ ಆನಿಸಿ, ಉಸಿರು ಹಿಡಿದು, ಕಡಿಮೆ ಬೆಳಕಿಗೂ ಸ್ಪಂದಿಸುವ 400 ವೇಗದ ಫಿಲ್ಮಿನಲ್ಲಿ ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಷಟರ್ ತೆರೆದು ಚಿತ್ರ ತೆಗೆದೆವು. ಫ್ಲ್ಯಾಶ್ ಬಳಸಿದ್ದರೆ ಆ ಬೂದುಗಳೆಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತಿದ್ದವು. ಮುರಿದ ಕೈಕಾಲುಗಳ ನಟರಾಜನನ್ನು ಬರೆಯುವಾಗ ಗೆಳತಿಯೊಬ್ಬಳು ಇಲ್ಲದ ತೋಳುಗಳನ್ನು ಊಹಿಸಿ ತುಂಬಲು ಹೊರಟಳು. "ಬ್ಯಾಡವಾ, ಇದ್ದಷ್ಟ ಬರಿ" ಎಂದರು ಗುರುಗಳು. ಶಿಲ್ಪಗಳ ದಾಖಲೀಕರಣವೇ ವೃತ್ತಿಯಾದ ಮೇಲೆ ನಾನು ದಿನವೂ ಪಾಲಿಸುತ್ತಿರುವುದು ಅದೇ ಮಾತನ್ನು.

ಧಾರವಾಡಕ್ಕೆ ಮರಳಿದ ಮೇಲೆ ಡಾರ್ಕ್‌ರೂಮಿನಲ್ಲಿ ರೋಲುಗಳನ್ನು ತೊಳೆದು, ಇಡೀ ರೋಲಿನ ಚಿತ್ರಗಳು ಒಂದೇ ಹಾಳೆಯಲ್ಲಿ ಸಣ್ಣದಾಗಿ ಕಾಣುವ ಕಾಂಟ್ಯಾಕ್ಟ್ ಶೀಟ್‌ಗಳನ್ನು ಮಾಡಿದೆವು. ಗುರುಗಳು ಪ್ರತಿಯೊಬ್ಬರ ಸ್ಕೆಚ್ ಪುಸ್ತಕವನ್ನು ಅವರವರ ಶೀಟಿನ ಪಕ್ಕಕ್ಕೆ ತೆರೆದಿಟ್ಟು, ಮಸೂರ ಹಿಡಿದು, ಒಂದೊಂದೇ ಚಿತ್ರವನ್ನು ನೋಡುತ್ತ ಹೋದರು. ರಸ್ತೆಯಲ್ಲಿ, ದೋಣಿಯಲ್ಲಿ ಹಾಗೇ ತೆಗೆದವುಗಳಲ್ಲಿ ಚೌಕಟ್ಟು ಸಡಿಲವಾಗಿತ್ತು. ಬರೆದ ಮೇಲೆ ತೆಗೆದವುಗಳಲ್ಲಿ ಬೇಡದ್ದು ಆಗಲೇ ಹೊರಗೆ ಉಳಿದಿತ್ತು. ಯಾರಿಗೂ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಈಗಿನ ವಿದ್ಯಾರ್ಥಿಗಳ ಫೋನು ಕತ್ತಲಲ್ಲೂ ಚಿತ್ರ ತೆಗೆಯುತ್ತದೆ, ಲೆಕ್ಕವಿಲ್ಲದಷ್ಟು ತೆಗೆಯುತ್ತದೆ. ಹಾಗಾಗಿಯೇ ಆ ಅರ್ಧ ಗಂಟೆ ಅವರಿಗೆ ನಮಗಿಂತ ಹೆಚ್ಚು ಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಕೆಲವು ವರ್ಷಗಳಿಂದ ನಿಂತಿರುವ ಮುಂಬಯಿ ಪ್ರವಾಸವನ್ನು ಕಾಲೇಜು ಮತ್ತೆ ಆರಂಭಿಸಬೇಕೆಂದು ಈ ಸಂಚಿಕೆಯ ಮೂಲಕ ವಿನಂತಿಸುತ್ತೇನೆ. ಪ್ರಯಾಣದ ವೆಚ್ಚ ಭರಿಸಲಾಗದ ವಿದ್ಯಾರ್ಥಿಗಳ ಪಾಲನ್ನು ಕೊಡಲು ನಮ್ಮ ತರಗತಿಯವರು ಒಪ್ಪಿದ್ದೇವೆ. ಎಲಿಫೆಂಟಾದಲ್ಲಿ ಅವರೊಂದಿಗೆ ಕುಳಿತು ಬರೆಯಲು ನಾನೂ ಬರುತ್ತೇನೆ.